ಹಿಮದಲ್ಲಿ ಬಿದ್ದ ಜೆಟ್

ನಾನು ಹಿಮವನ್ನು ಮೊದಲ ಸಲ ಮುಟ್ಟಿದ್ದು ಒಂದು ಪಿಸ್ಟನ್ನಿನ ಸಲುವಾಗಿ. ಅಲ್ಲಿಯವರೆಗೆ ಆಸ್ಟ್ರೇಲಿಯಾದಲ್ಲಿ ಹಿಮ ಬೀಳುತ್ತದೆ ಎಂಬುದೇ ನನ್ನ ತಲೆಯಲ್ಲಿ ಸರಿಯಾಗಿ ಕೂತಿರಲಿಲ್ಲ. ಸಿಡ್ನಿಯ ಅಂಚಿನಲ್ಲಿರುವ ಸ್ಕೋಫೀಲ್ಡ್ಸ್‌ನ ನಮ್ಮ ಹೊಸ ಬಡಾವಣೆಯಲ್ಲಿ ಚಳಿಗಾಲವೆಂದರೆ ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಕೂತಿರುವ ಒಂದು ಬಿಳಿ ಪದರ. ಒಂದು ಚೊಂಬು ನೀರು ಸುರಿದರೆ ಹೋಗುವಂಥದು.

ನನ್ನ ಓದು ಏಳನೇ ಇಯತ್ತೆಗೆ ಮುಗಿಯಿತು. ಅದರ ಮುಂದಿನದೆಲ್ಲ ಹುಬ್ಬಳ್ಳಿಯ ಗ್ಯಾರೇಜಿನಲ್ಲಿ, ಟೂ-ಸ್ಟ್ರೋಕ್ ಬೈಕು, ಸ್ಕೂಟರುಗಳ ಹೊಟ್ಟೆಯೊಳಗೆ ಕಲಿತದ್ದು. ಹೆಂಡತಿ ನರ್ಸ್. ಅವಳ ಕೆಲಸದ ಮೇಲೆ ಇಲ್ಲಿ ಕಾಯಂ ನೆಲೆಸುವ ಪಿಆರ್ ಬಂತು, ಅವಳ ಜೊತೆಗೆ ನಾನೂ ಬಂದೆ. ಬಂದವನು ಮನೆಯಲ್ಲಿ ಕೂರಲಿಲ್ಲ. ಹುಲ್ಲು ಕತ್ತರಿಸುವ ಮಷಿನ್ನು, ಮರ ಕೊಯ್ಯುವ ಚೈನ್ ಸಾ ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಕೆಲಸ ಹಿಡಿದೆ. ಚೈನ್ ಸಾ ಎಂದರೂ ಅದೇ ಟೂ-ಸ್ಟ್ರೋಕ್ ಇಂಜಿನ್ನು, ಅದೇ ಪೆಟ್ರೋಲಿಗೆ ಆಯಿಲ್ ಕೂಡಿಸುವುದು, ಅದೇ ಹೊಗೆಯ ವಾಸನೆ. ಊರು ಬದಲಾಯಿತು, ಮೂಗಿಗೆ ಗೊತ್ತಾಗಲಿಲ್ಲ.

ಆ ಅಂಗಡಿಗೆ ಹತ್ತಿರದ ಕೆಲ್ಲಿವಿಲ್‌ನಿಂದ ಒಬ್ಬರು ತಮ್ಮ ಹುಲ್ಲಿನ ಮಷಿನ್ ತಂದಿದ್ದರು. ಮಂಗಳೂರಿನವರು. ಮನೆಯಲ್ಲಿ ಕೊಂಕಣಿ, ಚರ್ಚಿನಲ್ಲಿ ಇಂಗ್ಲಿಷ್, ನನ್ನ ಜೊತೆ ಮಂಗಳೂರು ಕನ್ನಡ. ದೊಡ್ಡ ಹೋಟೆಲಿನ ಅಡುಗೆಯವರು. ನನಗಿಂತ ನಾಲ್ಕೈದು ವರ್ಷ ಹಿರಿಯರು, ಹಾಗಾಗಿ ನಾನು ಅಣ್ಣಾರ ಎನ್ನುತ್ತಿದ್ದೆ, ಅವರು ನನ್ನನ್ನು ಹುಬ್ಳಿಯವ್ರೆ ಎನ್ನುತ್ತಿದ್ದರು. ಮುಂದೆ ಅವರು ಮೆಲ್ಬರ್ನಿಗೆ ಹೋದರು. ಫೋನು ಮಾತ್ರ ಉಳಿಯಿತು.

ನಮ್ಮ ಕಡೆ ಮೆಟ್ರೋ ಕೆಲಸಕ್ಕೆ ರಸ್ತೆಯೆಲ್ಲ ಅಗೆದು ಹಾಕಿದ್ದ ಕಾಲ. ಮೇ ತಿಂಗಳಲ್ಲಿ ಅವರ ಫೋನು ಬಂತು.

"ಹುಬ್ಳಿಯವ್ರೆ, ನಿಮಗೆ ಟೂ-ಸ್ಟ್ರೋಕ್ ಗೊತ್ತುಂಟು ಅಲ್ವಾ?"

"ಅದು ಬಿಟ್ರ ಬ್ಯಾರೆ ಏನ್ ಗೊತ್ತೈತ್ರಿ ನನಗ. ಯಾಕ್ರಿ ಅಣ್ಣಾರ?"

"ಒಂದು ಗಾಡಿ ಉಂಟು. ಚಕ್ರ ಇಲ್ಲ."

"ಚಕ್ರ ಇಲ್ಲದ್ದು ಗಾಡಿ ಹೆಂಗಾತ್ರಿ?"

"ಹಿಮದ ಮೇಲೆ ಓಡುದು ಮಾರಾಯ್ರೆ. ಮುಂದೆ ಎರಡು ಹಲಗೆ, ಹಿಂದೆ ರಬ್ಬರಿನ ಪಟ್ಟಿ. ಈಗ ಓಡುದಿಲ್ಲ. ಪಿಸ್ಟನ್ ತೂತು ಬಿದ್ದಿದೆ."

ವಿಷಯ ಹೀಗಿತ್ತು. ಮೆಲ್ಬರ್ನಿನಿಂದ ಕೆಲವು ತಾಸು ಮೇಲೆ ಹೋದರೆ ಬೆಟ್ಟ, ಬೆಟ್ಟದಲ್ಲಿ ಹಿಮದ ಆಟಕ್ಕೆ ಬರುವವರ ಲಾಡ್ಜುಗಳು. ಅಂಥ ಒಂದು ಲಾಡ್ಜಿನ ಅಡುಗೆಮನೆಯನ್ನು ಇವರು ಆ ಸೀಸನ್ನಿಗೆ ತಾವೇ ವಹಿಸಿಕೊಂಡಿದ್ದರು. ಹೋಟೆಲಿನ ಕೆಲಸ ಬಿಟ್ಟಾಗಿತ್ತು. ಆದರೆ ಲಾಡ್ಜು ಡಾಂಬರು ರಸ್ತೆಯ ಮೇಲೆ ಇರಲಿಲ್ಲ. ರಸ್ತೆ ಮುಗಿದ ಮೇಲೆ ಹಿಮದಲ್ಲಿಯೇ ಏರಬೇಕು. ಅಕ್ಕಿ, ಹಿಟ್ಟು, ಮಾಂಸ, ತರಕಾರಿ ಎಲ್ಲವನ್ನೂ ಈ ಗಾಡಿಗೆ ಕಟ್ಟಿದ ಜಾರುಬಂಡಿಯಲ್ಲಿ ಎಳೆದು ಮುಟ್ಟಿಸುವುದು ಅಡುಗೆಯವರದೇ ಜವಾಬ್ದಾರಿ. ಒಂದು ದಿನ ಊಟ ತಪ್ಪಿದರೆ ಬೇರೆ ಅಡುಗೆಯವರು ತಯಾರಿದ್ದಾರೆಂದು ಲಾಡ್ಜಿನವರು ಮೊದಲೇ ಹೇಳಿದ್ದರು. ಗಾಡಿ ಸತ್ತರೆ ಅಡುಗೆಮನೆ ಹೋಯಿತು, ಅಷ್ಟೇ.

"ಬೆಟ್ಟದ ಕೆಳಗೆ ರಿಪೇರಿಯವರು ಯಾರೂ ಇಲ್ಲೇನ್ರಿ?"

"ಒಬ್ಬ ಮುದುಕ ಇದ್ದಾನೆ. ಇದನ್ನು ನೋಡಿ ನಗಾಡಿದ. ಸುಟ್ಟ ಮೇಲೆ ತಗೊಂಡು ಬಾ ಅಂದ. ಮೊದಲ ಹಿಮಕ್ಕೇ ಸುಟ್ಟಿತು. ಈಗ ಅವನ ಹತ್ತಿರ ಹೋಗ್ಲಿಕ್ಕೆ ನನಗೆ ಮನಸ್ಸಿಲ್ಲ."

ಆ ಮಾತು ನನಗೆ ಹಿಡಿಸಿತು. ನನ್ನ ಗಾಡಿ ನೋಡಿ ನಕ್ಕವನ ಬಾಗಿಲಿಗೆ ನಾನೂ ಹೋಗುವವನಲ್ಲ. ಬರುತ್ತೇನೆ ಎಂದೆ. ಹಿಮದ ಗಾಡಿಯನ್ನು ಜನ್ಮದಲ್ಲಿ ನೋಡಿಲ್ಲ ಎಂದು ಮಾತ್ರ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಹೆಂಡತಿ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. "ಅಲ್ಲಿ ಥಂಡಿ ಭಾಳ ಇರ್ತೈತಿ. ಇಂಜಿನ್ ಗದ್ಲದಾಗ ನಿಮ್ಮ ಕಿವಿ ಮರೀಬ್ಯಾಡ್ರಿ, ಟೊಪ್ಪಿಗಿ ಹಾಕ್ಕೋರಿ" ಎಂದಳು. ಒಂದು ಹಗಲಿಡೀ ಕಾರು ಓಡಿಸಿ ಮೆಲ್ಬರ್ನ್ ಮುಟ್ಟಿದೆ.

ಅವರ ಮನೆಯ ಗ್ಯಾರೇಜಿನಲ್ಲಿ ಕಾರಿನ ಜಾಗದಲ್ಲಿ ಗಾಡಿ ನಿಂತಿತ್ತು. ಉದ್ದಕ್ಕೆ, ಹಳದಿ ಬಣ್ಣದ್ದು, ಮೊಸಳೆಯ ಹಾಗೆ. ಅಮೆರಿಕದಿಂದ ಯಾರೋ ತರಿಸಿ, ಹಿಮದ ಏರು ಹತ್ತುವ ಪಂದ್ಯಕ್ಕೆಂದು ಎಲ್ಲ ಬದಲಿಸಿದ್ದರು. ಸಿಲಿಂಡರ್ ಕೊರೆದು ದೊಡ್ಡದು ಮಾಡಿದ್ದರು, ಸೈಲೆನ್ಸರ್ ಬೇರೆ ಹಾಕಿದ್ದರು, ಹಿಂದಿನ ಪಟ್ಟಿಯನ್ನೂ ಉದ್ದ ಮಾಡಿದ್ದರು. ಎರಡು ಸಿಲಿಂಡರು, ಎರಡು ಕಾರ್ಬುರೇಟರು. ಅಣ್ಣಾರು ಒಂದು ಸ್ಟೀಲ್ ಬಟ್ಟಲಲ್ಲಿ ಸುಟ್ಟ ಪಿಸ್ಟನ್ ತಂದು ಕೈಗೆ ಕೊಟ್ಟರು. ನಡುನೆತ್ತಿಯಲ್ಲಿ ತೂತು, ಅಂಚೆಲ್ಲ ಮೇಣ ಕರಗಿದ ಹಾಗೆ.

"ಆಯಿಲ್ ಕಡಿಮೆಯಾಗಿದ್ದಾ?"

"ಅಲ್ರಿ. ಪೆಟ್ರೋಲ್ ಕಡಿಮಿ ಆಗೇದ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮಿ ಆದ್ರ ಬೆಂಕಿ ಭಾಳ ಕಾವು ಹಿಡಿತೈತಿ. ಪಿಸ್ಟನ್ ಕರಗತೈತಿ."

ಕಾರ್ಬುರೇಟರ್ ಬಿಚ್ಚಿದೆ. ಅದರ ತಳದಲ್ಲಿ ಜೆಟ್ ಇರುತ್ತದೆ. ಹಿತ್ತಾಳೆಯದು, ಕಡಲೆಕಾಳಿನಷ್ಟು ದೊಡ್ಡದು, ನಡುವೆ ಸೂಜಿ ಹೋಗುವಂಥ ತೂತು. ಇಂಜಿನ್ ಕುಡಿಯುವ ಪೆಟ್ರೋಲೆಲ್ಲ ಆ ತೂತಿನಿಂದಲೇ ಬರಬೇಕು. ಇದರಲ್ಲಿದ್ದ ತೂತು ತೀರ ಸಣ್ಣದು. ಸ್ವಲ್ಪ ಯೋಚಿಸಿದ ಮೇಲೆ ತಿಳಿಯಿತು. ಅಮೆರಿಕದ ಆ ಬೆಟ್ಟಗಳು ಇಲ್ಲಿಯವಕ್ಕಿಂತ ಬಹಳ ಎತ್ತರ. ಮೇಲೆ ಹೋದಷ್ಟೂ ಗಾಳಿ ತೆಳು, ತೆಳು ಗಾಳಿಗೆ ಸಣ್ಣ ಜೆಟ್ ಸಾಕು. ಅಣ್ಣಾರಿಗೆ ಇದನ್ನು ಮಾರಿದವನು ಬೆಟ್ಟಕ್ಕೆ ಸೆಟ್ ಮಾಡಿದ ಗಾಡಿ ಎಂದು ಹೇಳಿದ್ದನಂತೆ. ಸುಳ್ಳಲ್ಲ. ಬೆಟ್ಟ ಬೇರೆ.

"ಅಂದ್ರೆ ನನ್ನ ಬೆಟ್ಟ ಗಿಡ್ಡ ಅಂತ ಪಿಸ್ಟನ್ ಸುಟ್ಟದ್ದಾ?" ಎಂದು ಅಣ್ಣಾರು ಕುರ್ಚಿಯ ಮೇಲೆ ಕೂತುಬಿಟ್ಟರು.

ಹೊಸ ಪಿಸ್ಟನ್ ಹಾಕಿ ಇಂಜಿನ್ ಜೋಡಿಸಿದೆ. ಸಿಡ್ನಿಯಿಂದ ಜೆಟ್ಟುಗಳ ಒಂದು ಡಬ್ಬಿ ತಂದಿದ್ದೆ, ಒಂದಕ್ಕಿಂತ ಒಂದು ಕೂದಲೆಳೆಯಷ್ಟು ದೊಡ್ಡ ತೂತಿನವು, ಒಂದೊಂದು ಅಳತೆಗೆ ಒಂದೊಂದು ಜೊತೆ. ಆದರೆ ಗ್ಯಾರೇಜಿನಲ್ಲಿ ನಿಂತು ಈ ಗಾಡಿಯ ಹದ ನೋಡಲು ಬರುವುದಿಲ್ಲ. ಹಿಮದ ಮೇಲೆ, ಭಾರ ಎಳೆಯುವಾಗಲೇ ನೋಡಬೇಕು. ಅದರ ಇಂಜಿನ್ ತಣ್ಣಗಾಗುವುದೂ ಪಟ್ಟಿ ಎರಚುವ ಹಿಮದಿಂದಲೇ. ಗಾಡಿಯನ್ನು ಟ್ರೇಲರಿಗೆ ಹತ್ತಿಸಿದೆವು.

ಹೊರಡುವ ಮುನ್ನ ನಾನು ತಂದ ಕಟಕ್ ರೊಟ್ಟಿಯನ್ನು ಅವರು ಹಲ್ಲಿನಲ್ಲಿ ಮುರಿಯಲು ನೋಡಿದರು.

"ಇದರದ್ದೇ ಪಿಸ್ಟನ್ ಮಾಡ್ಬಹುದಿತ್ತಲ್ಲ ಮಾರಾಯ್ರೆ. ತೂತೇ ಬೀಳ್ಲಿಕ್ಕಿಲ್ಲ."

"ಹಲ್ಲಿದ್ದವರ ಊಟ ಅದು. ನಿಮ್ದು ಬರೇ ಗಂಜಿ."

ಬೆಟ್ಟದಲ್ಲಿ ಆ ವಾರ ಒಳ್ಳೆ ಹಿಮ ಬಿದ್ದಿತ್ತು. ಲಾಡ್ಜಿನ ಜನ ಬರಲು ಇನ್ನೂ ಕೆಲವು ದಿನವಿತ್ತು. ಕಣ್ಣು ಕುಕ್ಕುವ ಬಿಸಿಲು, ಅದರೊಳಗೆ ಚಳಿ. ಮೊಣಕಾಲುಮಟ ಹೂತು ನಡೆಯುವುದನ್ನು ಕಲಿಯಲು ನನಗೆ ಅರ್ಧ ದಿನ ಬೇಕಾಯಿತು. ಅಣ್ಣಾರು ಎರಡು ಸಲ ಕೈ ಕೊಟ್ಟು ಎಬ್ಬಿಸಿದರು. ಮೂರನೆಯ ಸಲ ನಾನೇ ಎದ್ದೆ.

ಅಲ್ಲಿ ಯಾರು ಬೇಕಾದರೂ ಇಂಥ ಗಾಡಿ ಓಡಿಸುವ ಹಾಗಿಲ್ಲ. ಲಾಡ್ಜಿನ ಹೆಸರಿನಲ್ಲಿ ಪರವಾನಗಿ ಇತ್ತು, ಓಡಿಸುವವರು ಅಣ್ಣಾರೇ. ನಾನು ಹಿಂದಿನ ಸೀಟಿನಲ್ಲಿ. ಜಾರುಬಂಡಿಯಲ್ಲಿ ಅಕ್ಕಿಚೀಲ, ಹಿಟ್ಟು, ಈರುಳ್ಳಿ. ಖಾಲಿ ಗಾಡಿ ಓಡಿಸಿ ಹದ ಹಿಡಿದರೆ ಅದು ಖಾಲಿ ಗಾಡಿಯ ಹದವಾಗುತ್ತದೆ.

ಹದ ನೋಡುವ ರೀತಿ ಹುಬ್ಬಳ್ಳಿಯದೇ. ಏರಿನಲ್ಲಿ ಪೂರ್ತಿ ಎಕ್ಸಲೇಟರ್ ಕೊಟ್ಟು, ಅದೇ ಭರದಲ್ಲಿ ಸ್ವಿಚ್ ಆಫ್ ಮಾಡಿಸುವುದು. ಗಾಡಿ ಅಲ್ಲೇ ನಿಲ್ಲುತ್ತದೆ. ಕೂಡಲೇ ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡಬೇಕು. ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ, ಪಿಸ್ಟನ್ ಹೋಗುತ್ತದೆ. ಕಪ್ಪಗೆ ಮಸಿ ಹಿಡಿದಿದ್ದರೆ ಜಾಸ್ತಿ, ಪೆಟ್ರೋಲ್ ಹಾಳು. ಹುರಿದ ಶೇಂಗಾದ ಸಿಪ್ಪೆಯ ಬಣ್ಣ ಬಂದರೆ ಹದ ಸರಿ.

"ನಡು ಏರಿನಾಗ ಆಫ್ ಮಾಡ್ರಿ ಅಂದ್ರ ಮಾಡ್ರಿ. ವಿಚಾರ ಮಾಡಬ್ಯಾಡ್ರಿ."

"ಮತ್ತೆ ಸ್ಟಾರ್ಟ್ ಆಗದಿದ್ರೆ?"

"ಅಕ್ಕಿ ಐತಿ, ಈರುಳ್ಳಿ ಐತಿ, ಅಡಿಗಿಯವರು ನೀವದೀರಿ. ಇಲ್ಲೇ ಸಂಸಾರ ಹೂಡೂಣು."

ಮೊದಲ ಸಲ ದೊಡ್ಡ ಜೆಟ್ ಹಾಕಿ ಹೋದೆವು, ಪ್ಲಗ್ ಕಪ್ಪು. ಒಂದು ಅಳತೆ ಇಳಿಸಿದೆ, ಇನ್ನೂ ಕಪ್ಪು. ಪ್ರತಿ ಸಲವೂ ಅಡುಗೆಮನೆಯ ಬಾಗಿಲ ಮುಂದೆ ನಿಲ್ಲಿಸಿ ಕಾರ್ಬುರೇಟರ್ ಬಿಚ್ಚುವುದು, ಬೆರಳು ಮರಗಟ್ಟಿದಾಗ ಒಳಗೆ ಹೋಗಿ ಒಲೆಯ ಮೇಲೆ ಹಿಡಿಯುವುದು, ಮತ್ತೆ ಬರುವುದು. ಅಣ್ಣಾರಿಗೆ ಬೇರೆ ಚಿಂತೆ. ಪೆಟ್ರೋಲನ್ನೂ ಕ್ಯಾನಿನಲ್ಲಿ ಕೆಳಗಿನಿಂದಲೇ ತರಬೇಕಲ್ಲ.

"ಎವರೇಜ್ ಸ್ವಲ್ಪ ನೋಡಿ ಹುಬ್ಳಿಯವ್ರೆ. ಇದು ಕುಡಿಯುದು ಹೆಚ್ಚು."

ಎವರೇಜ್ ಎಂಬ ಮಾತು ಕೇಳಿದ ಕೂಡಲೇ ನನ್ನ ಕೈ ತಾನಾಗಿ ನೆಟ್ಟಗಾಗುತ್ತದೆ. ಹುಬ್ಬಳ್ಳಿಯಲ್ಲಿ ನನ್ನ ಹೆಸರು ನಡೆದದ್ದೇ ಅದರ ಮೇಲೆ. ಗಿರಾಕಿ ಗಾಡಿ ನಿಲ್ಲಿಸುವ ಮೊದಲೇ ಕೇಳುತ್ತಿದ್ದುದು ಎವರೇಜ್ ಎಷ್ಟು ಕೊಡಿಸುತ್ತೀರಿ ಎಂದೇ. ಪಿಸ್ಟನ್ ಉಳಿಯಬೇಕು, ಪೆಟ್ರೋಲಿನ ಒಂದು ಹನಿಯೂ ಹೆಚ್ಚು ಹೋಗಬಾರದು, ಆ ಗೆರೆಯ ಮೇಲೆ ತಂದು ನಿಲ್ಲಿಸುತ್ತಿದ್ದೆ. ನನ್ನ ಕೈಯಿಂದ ಹೋದ ಗಾಡಿಗೆ ವರ್ಷವಿಡೀ ಯಾರೂ ಸ್ಕ್ರೂಡ್ರೈವರ್ ಹಚ್ಚುವ ಕೆಲಸವಿರಲಿಲ್ಲ.

ಮರುದಿನ ಮಧ್ಯಾಹ್ನ ಆ ಗೆರೆ ಸಿಕ್ಕಿತು. ಏರಿನಲ್ಲಿ ಇಂಜಿನ್ ಒಂದೇ ಸಮನೆ, ತೊದಲದೆ, ಹಾಡಿದ ಹಾಗೆ ಎಳೆಯಿತು. ಸ್ವಿಚ್ ಆಫ್. ಎರಡೂ ಪ್ಲಗ್ ಬಿಚ್ಚಿ ಅಂಗೈಯಲ್ಲಿ ಇಟ್ಟು ತೋರಿಸಿದೆ. ಎರಡೂ ಶೇಂಗಾದ ಸಿಪ್ಪೆ. ಅಣ್ಣಾರು ಶಿಲುಬೆಯ ಗುರುತು ಮಾಡಿಕೊಂಡರು.

ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಕಾರ್ಬುರೇಟರಿನೊಳಗೆ ಹಿಮದ ನೀರು ಹೋಗಿದೆಯೇನೋ ಎಂದು ಅಡುಗೆಮನೆಯ ಬಾಗಿಲಲ್ಲಿ ಇನ್ನೊಮ್ಮೆ ಬಿಚ್ಚಿದೆ. ಮರಗಟ್ಟಿದ ಬೆರಳಿಗೆ ಹಿಡಿದದ್ದೂ ತಿಳಿಯುವುದಿಲ್ಲ, ಬಿಟ್ಟದ್ದೂ ತಿಳಿಯುವುದಿಲ್ಲ. ಜೆಟ್ ಕೈಯಿಂದ ಜಾರಿತು. ಹಿಮದಲ್ಲಿ ಸಪ್ಪಳವಿಲ್ಲ. ಬಿದ್ದ ಜಾಗದಲ್ಲಿ ಒಂದು ಸಣ್ಣ ತೂತು ಕಂಡಿತು, ನಾನು ಬಗ್ಗುವಷ್ಟರಲ್ಲಿ ನನ್ನ ಬೂಟೇ ಅದನ್ನು ಮುಚ್ಚಿತು.

ಕೈಯಿಂದ ಕೆದಕಿದೆವು. ಹಿಟ್ಟಿನ ಜರಡಿ ತಂದು ಹಿಮ ಸೋಸಿದೆವು. ಕೊನೆಗೆ ಅಣ್ಣಾರು ಸೂಪಿನ ದೊಡ್ಡ ಪಾತ್ರೆಯನ್ನೇ ಹೊರಗೆ ತಂದರು. ಬಾಗಿಲ ಮುಂದಿನ ಹಿಮವನ್ನೆಲ್ಲ ಅದಕ್ಕೆ ತುಂಬಿ ಒಲೆಯ ಮೇಲೆ ಕರಗಿಸಿ, ತಳದಲ್ಲಿ ಏನಿದೆಯೆಂದು ಸೌಟಿನಿಂದ ನೋಡುವುದು. ಪಾತ್ರೆ ಮೇಲೆ ಪಾತ್ರೆ. ಒಂದು ಮೊಳೆ ಸಿಕ್ಕಿತು, ಯಾರದೋ ಕೈಗವಸಿನ ಗುಂಡಿ ಸಿಕ್ಕಿತು.

"ಉಪ್ಪು ಹಾಕ್ಲಾ?" ಎಂದು ಕೇಳಿದರು. ನಾನು ನಗಲಿಲ್ಲ.

ಆ ಅಳತೆಯದು ಇನ್ನೊಂದು ನನ್ನ ಡಬ್ಬಿಯಲ್ಲಿರಲಿಲ್ಲ. ದೊಡ್ಡವು ಹಾಕಿದರೆ ಪ್ಲಗ್ ಮಸಿಯಾಗುತ್ತದೆ, ಸಣ್ಣವು ಹಾಕಿದರೆ ಪಿಸ್ಟನ್ ಹೋಗುತ್ತದೆ. ಸಿಡ್ನಿಯಿಂದ ತರಿಸಲು ಹೊತ್ತಿಲ್ಲ. ಎರಡು ದಿನಕ್ಕೆ ಲಾಡ್ಜಿನ ಜನ ಬರುತ್ತಾರೆ. ಉಳಿದ ದಾರಿ ಒಂದೇ, ಬೆಟ್ಟದ ಬುಡದ ಮುದುಕ. ಅಣ್ಣಾರು ನನ್ನ ಮುಖ ನೋಡಿದರು, ಹೋಗಿ ಎಂದು ಹೇಳಲಿಲ್ಲ. ಹೇಳಿದ್ದರೆ ಬಹುಶಃ ಜಗಳವಾಗುತ್ತಿತ್ತು. ಅವರು ತಿರುಗಿ ಪಾತ್ರೆ ತೊಳೆಯತೊಡಗಿದರು. ಆ ಬೆನ್ನು ನೋಡಿ ಕಾರಿನ ಕೀಲಿ ತೆಗೆದುಕೊಂಡು, ರಸ್ತೆಯವರೆಗೆ ಹಿಮದಲ್ಲಿ ನಡೆದೇ ಇಳಿದೆ.

ಮುದುಕನ ವರ್ಕ್‌ಶಾಪಿನಲ್ಲಿ ನಾಲ್ಕೈದು ಹಿಮದ ಗಾಡಿಗಳು ಬಿಚ್ಚಿಕೊಂಡು ಬಿದ್ದಿದ್ದವು. ಬೇಕಾದ ಜೆಟ್ಟಿನ ನಂಬರ್ ಹೇಳಿದೆ. ಯಾವ ಗಾಡಿಗೆ ಎಂದು ಕೇಳಿದ. ಹಳದಿಯದು ಎಂದೆ. ಅವನು ನಗಲಿಲ್ಲ. ಕೈ ಚಾಚಿದ.

"ಪ್ಲಗ್ ತಂದಿದ್ದೀಯಾ?"

ತಂದಿದ್ದೆ. ಜೇಬಿನಲ್ಲಿ ಬಟ್ಟೆ ಸುತ್ತಿ ಇಟ್ಟುಕೊಂಡಿದ್ದೆ, ತೋರಿಸಬೇಕೆಂಬ ಆಸೆಯಿಂದಲೇ. ಅವನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದ.

"ಚೆಂದ ಇದೆ. ಯಾವ ಹೊತ್ತಿನಲ್ಲಿ ಓಡಿಸಿದೆ?"

"ಮಧ್ಯಾಹ್ನ."

"ಬಿಸಿಲಿತ್ತಾ?"

"ಇತ್ತು."

ಅವನು ಡಬ್ಬಿ ತೆರೆದು ನಾನು ಕೇಳಿದ ಅಳತೆಯ ಒಂದು ಜೊತೆ ಕೊಟ್ಟ. ಪಕ್ಕದಲ್ಲಿ ಒಂದು ಅಳತೆ ದೊಡ್ಡದಾದ ಇನ್ನೊಂದು ಜೊತೆಯನ್ನೂ ಇಟ್ಟ. "ಇಲ್ಲಿ ಮಧ್ಯಾಹ್ನಕ್ಕೂ ಬೆಳಗಿಗೂ ಗಾಳಿ ಒಂದೇ ಅಲ್ಲ, ಮೇಟ್. ಚಳಿಗೆ ಗಾಳಿ ದಟ್ಟ ಆಗುತ್ತದೆ. ಯಾವುದು ಬೇಡವೋ ಅದನ್ನು ವಾಪಸ್ ತಂದುಕೊಡು" ಎಂದ.

ಥ್ಯಾಂಕ್ಸ್ ಹೇಳಿ ಬಂದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವನ ಜೊತೆ ವಾದ ಮಾಡಿದೆ. ಶೇಂಗಾದ ಸಿಪ್ಪೆಯ ಬಣ್ಣ ಬಂದ ಮೇಲೆ ಮತ್ತೆ ದೊಡ್ಡ ಜೆಟ್ ಹಾಕುವುದು ನನ್ನ ಕೆಲಸದಲ್ಲಿ ಇಲ್ಲ. ಅದು ಹೊಲಸು ಕೆಲಸ. ನನ್ನದೇ ಅಳತೆ ಹಾಕಿದೆ, ದೊಡ್ಡವನ್ನು ಜೇಬಿನಲ್ಲಿಟ್ಟೆ. ಅಣ್ಣಾರಿಗೆ ಎರಡನೆಯ ಜೊತೆಯ ಸುದ್ದಿ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಮಾಂಸ, ಹಾಲು ತರಲು ರಸ್ತೆ ಮುಗಿಯುವ ಜಾಗಕ್ಕೆ ಇಳಿದೆವು. ಬೆಳಕಾಗಿತ್ತು, ಬಿಸಿಲು ಬಂದಿರಲಿಲ್ಲ. ಉಸಿರು ಮೀಸೆಯ ಮೇಲೆ ಗಟ್ಟಿಯಾಗುವಂಥ ಚಳಿ. ಹಿಂದಿನ ದಿನ ಮೆತ್ತಗಿದ್ದ ಹಿಮ ಬೂಟಿನ ಕೆಳಗೆ ಗಾಜಿನ ಹಾಗೆ ಮುರಿಯುತ್ತಿತ್ತು. ಭಾರ ಕಟ್ಟಿಕೊಂಡು ಏರಿಗೆ ಬಿದ್ದೆವು. ಗಾಡಿ ಎಂದೂ ಎಳೆಯದಷ್ಟು ಜೋರಾಗಿ ಎಳೆಯಿತು. ಅಣ್ಣಾರು ಹಿಗ್ಗಿ ಹಿಂದೆ ತಿರುಗಿ, "ಹೇಗುಂಟು!" ಎಂದು ಕೂಗಿದರು.

ನನ್ನ ಕಿವಿ ಹೆಲ್ಮೆಟ್ಟಿನೊಳಗೆ ಬೇರೆ ಏನನ್ನೋ ಕೇಳುತ್ತಿತ್ತು. ಸಪ್ಪಳದಲ್ಲಿ ಹಸಿ ಇರಲಿಲ್ಲ. ಒಣ, ಕಿರಿದಾದ ದನಿ, ಗಂಟಲು ಆರಿದವನು ಮಾತಾಡಿದ ಹಾಗೆ. ಹುಬ್ಬಳ್ಳಿಯಲ್ಲಿ ಗಿರಾಕಿಗಳು ಇದನ್ನೇ ಪಿಕಪ್ ಬಂತು ಎಂದು ಖುಷಿಪಡುತ್ತಿದ್ದರು, ಮುಂದಿನ ವಾರ ಇಂಜಿನ್ ಹಿಡಿದುಕೊಂಡ ಗಾಡಿ ತಳ್ಳಿಕೊಂಡು ಬರುತ್ತಿದ್ದರು. ನಾನು ಅವರ ಭುಜಕ್ಕೆ ಹೊಡೆದೆ.

"ಆಫ್ ಮಾಡ್ರಿ! ಆಫ್! ಆಫ್!"

ಅವರು ವಿಚಾರ ಮಾಡದೆ ಆಫ್ ಮಾಡಿದರು. ಹಿಂದಿನ ದಿನ ಅಷ್ಟು ಸಲ ಮಾಡಿಸಿದ್ದು ಅಲ್ಲಿ ಉಪಯೋಗಕ್ಕೆ ಬಂತು. ಪ್ಲಗ್ ಬಿಚ್ಚಿದೆ. ನಿನ್ನೆಯ ಬಣ್ಣವಿಲ್ಲ. ತುದಿ ಸುಣ್ಣ ಬಳಿದ ಹಾಗೆ ಬಿಳಿ. ಇನ್ನು ಸ್ವಲ್ಪ ದೂರ ಹೋಗಿದ್ದರೆ ಏನಾಗುತ್ತಿತ್ತೆಂದು ಸ್ಟೀಲ್ ಬಟ್ಟಲಲ್ಲಿದ್ದ ಪಿಸ್ಟನ್ ಮೊದಲೇ ಹೇಳಿತ್ತು.

"ಎಂತ ಆಯ್ತು? ಹೋಯ್ತಾ?" ಎಂದು ಅಣ್ಣಾರು ಸೀಟಿನಿಂದ ಇಳಿದರು. ಜಾರುಬಂಡಿಯಲ್ಲಿ ಆ ವಾರದ ಮಾಂಸವೆಲ್ಲ ಇತ್ತು. ಅದಲ್ಲ ಅವರು ನೋಡುತ್ತಿದ್ದುದು. ಮೇಲೆ ಕಾಣುತ್ತಿದ್ದ ಲಾಡ್ಜಿನ ಹೊಗೆಕೊಳವೆ ನೋಡುತ್ತಿದ್ದರು.

"ಹೋಗಿಲ್ರಿ. ನಿಂದರ್ರಿ."

ನನ್ನ ಜೆಟ್ಟಿನ ಡಬ್ಬಿ ಮೇಲೆ ಅಡುಗೆಮನೆಯಲ್ಲಿ ಉಳಿದಿತ್ತು. ಜೇಬಿಗೆ ಕೈ ಹಾಕಿದೆ. ಈ ಸಲ ಮೊದಲು ನನ್ನ ಜಾಕೀಟು ಬಿಚ್ಚಿ ಇಂಜಿನ್ನಿನ ಕೆಳಗೆ ಹಾಸಿದೆ. ಅಣ್ಣಾರು ನನ್ನ ಬೆರಳುಗಳನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಉಜ್ಜಿದರು, ಹಿಟ್ಟು ನಾದಿದ ಹಾಗೆ. ಒಂದೊಂದಾಗಿ ಜೆಟ್ ಬಿಚ್ಚಿದೆ, ಮುದುಕ ಕೊಟ್ಟ ದೊಡ್ಡ ಜೊತೆ ಹಾಕಿದೆ. ಎಲ್ಲಿಂದ ಬಂತು ಎಂದು ಅವರು ಕೇಳಿದರು, ಹೇಳಿದೆ. ಅವರು ಸ್ಪ್ಯಾನರ್ ಕೈಗೆ ಕೊಟ್ಟರು. ಗಾಡಿ ಸ್ಟಾರ್ಟ್ ಆಯಿತು. ದನಿಗೆ ಮತ್ತೆ ಹಸಿ ಬಂತು. ಮೇಲೆ ಲಾಡ್ಜು ಮುಟ್ಟಿದ ಮೇಲೆ ಬಿಚ್ಚಿ ನೋಡಿದಾಗ ಪ್ಲಗ್ ಕಂದು ಬಣ್ಣಕ್ಕೆ ತಿರುಗುತ್ತಿತ್ತು.

ಬಿಸಿಲೇರಿದ ಮೇಲೆ ಅದೇ ಗಾಡಿ ಕೆಮ್ಮತೊಡಗಿತು. ಸಣ್ಣ ವೇಗದಲ್ಲಿ ತೊದಲುತ್ತದೆ, ನೀಲಿ ಹೊಗೆ ಬಿಡುತ್ತದೆ, ಪ್ಲಗ್ ಮಸಿಯಾಗುತ್ತದೆ. ಆ ಸಪ್ಪಳ ಕೇಳುತ್ತಾ ನಿಲ್ಲುವುದು ನನಗೆ ಕಷ್ಟವಾಯಿತು. ಕೈ ಎರಡು ಸಲ ಟೂಲ್ ಪೆಟ್ಟಿಗೆಯವರೆಗೆ ಹೋಯಿತು. ಮಧ್ಯಾಹ್ನಕ್ಕೊಂದು, ಬೆಳಿಗ್ಗೆಗೊಂದು ಜೆಟ್ ಬದಲಿಸಬಹುದು. ಆದರೆ ನಾನು ಸಿಡ್ನಿಗೆ ಹೋದ ಮೇಲೆ ಬದಲಿಸುವವರು ಯಾರು? ಅಡುಗೆಯವರು ಅಡುಗೆ ಮಾಡಬೇಕು. ಬಿಟ್ಟುಬಿಟ್ಟೆ.

ನಾನು ಮಾಡಿದ ಕೆಲಸಗಳಲ್ಲಿ ಕಿವಿಗೆ ಹಿಡಿಸದಿದ್ದರೂ ಹಾಗೇ ಬಿಟ್ಟು ಬಂದದ್ದು ಅದೊಂದೇ. ಕೆಳಗಿಳಿದು ಹೋಗುವಾಗ ಮುದುಕನ ಹತ್ತಿರ ನಿಲ್ಲಿಸಿ ಸಣ್ಣ ಜೊತೆಯನ್ನು ವಾಪಸ್ ಕೊಟ್ಟೆ. ಯಾವುದು ವಾಪಸ್ ಬಂತೆಂದು ನೋಡಿ, "ಒಳಗೆ ಬಾ, ಚಹಾ ಇದೆ" ಎಂದ. ಹಾಲಿಲ್ಲದ ಚಹಾ. ಕುಡಿದೆ.

ಆ ಸೀಸನ್ನು ಪೂರ್ತಿ ಭಾನುವಾರಕ್ಕೊಮ್ಮೆ ಫೋನು ಬರುತ್ತಿತ್ತು.

"ಎವರೇಜೇ ಇಲ್ಲ ಮಾರಾಯ್ರೆ. ಕುಡುಕ ಇದು."

"ಊಟ ಮುಟ್ಟತೈತಿಲ್ರಿ ಮ್ಯಾಲ?"

"ಮುಟ್ಟುತ್ತದೆ."

"ಹಂಗಾರ ಕುಡೀಲಿ ಬಿಡ್ರಿ."

ಆಗಸ್ಟಿನ ಚಳಿಯಲ್ಲೂ ಗಾಡಿ ನಿಲ್ಲಲಿಲ್ಲ, ಒಂದು ಹೊತ್ತಿನ ಊಟವೂ ತಪ್ಪಲಿಲ್ಲ. ಅಕ್ಟೋಬರಿನಲ್ಲಿ ಹಿಮ ಕರಗಿ ಲಾಡ್ಜು ಮುಚ್ಚುವ ದಿನ ಫೋನು ಮಾಡಿದರು. ನಾನು ಅಂಗಡಿಯಲ್ಲಿ ಒಂದು ಹುಲ್ಲಿನ ಮಷಿನ್ ಬಿಚ್ಚಿಕೊಂಡು ಕೂತಿದ್ದೆ.

"ಹುಬ್ಳಿಯವ್ರೆ, ಬರುವ ವರ್ಷಕ್ಕೂ ಕಿಚನ್ ನನಗೇ ಅಂತ ಹೇಳಿದ್ರು. ಮತ್ತೆ ಇನ್ನೊಂದು ಉಂಟು. ಬಾಗಿಲ ಮುಂದೆ ಹುಲ್ಲು ಬಂದಿದೆ, ಹುಲ್ಲಿನಲ್ಲಿ ನಿಮ್ಮ ಜೆಟ್ ಸಿಕ್ಕಿತು. ಹೊಳೀತಾ ಉಂಟು, ಹೊಸದರ ಹಾಗೆ."

ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ.

"ಹಾಕ್ಲಾ ಇದನ್ನು? ಎವರೇಜ್ ಬರ್ತದೆ."

"ಬ್ಯಾಡ್ರಿ ಅಣ್ಣಾರ. ಕಿಸೆದಾಗ ಇಟ್ಕೋರಿ."